ಗಾಳಿ ತಾಕದ ಹಾಗೆ

ಬಾಣಂತನದ ಮಾತು ಬಂದರೆ ಕುಂಬಾರಕೊಪ್ಪಲಿನಲ್ಲಿ ಸೂಸಮ್ಮನ ಎದುರು ಬಾಯಿ ತೆರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಕಿರಿಸ್ತಾನರ ಮನೆಯಾಗಲಿ, ಕುಂಬಾರರ ಮನೆಯಾಗಲಿ, ಒಕ್ಕಲು ಮಕ್ಕಳ ಮನೆಯಾಗಲಿ, ಸೂಲಗಿತ್ತಿ ಕೈ ತೊಳೆದುಕೊಂಡು ಹೋದ ಮೇಲೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬರುತ್ತಿದ್ದವಳು ಇವಳೇ. ಎಣ್ಣೆ ತಿಕ್ಕುವುದು, ಹಂಡೆಗಟ್ಟಲೆ ಬಿಸಿನೀರು ಹುಯ್ಯುವುದು, ಸೊಂಟಕ್ಕೆ ಬಟ್ಟೆ ಬಿಗಿಯುವುದು, ಸಾಂಬ್ರಾಣಿ ಹೊಗೆ ಹಾಕುವುದು ಎಲ್ಲ ಅವಳದೇ. ಎಲ್ಲಕ್ಕಿಂತ ಮುಖ್ಯ, ಗಾಳಿಯನ್ನು ತಡೆಯುವುದು. ಅವಳು ಕಾಲಿಟ್ಟ ಬಾಣಂತಿ ಕೋಣೆಯ ಕಿಟಕಿ ಸಂದಿಗೆಲ್ಲ ಹಳೇ ಸೀರೆ ತುರುಕಿರುತ್ತಿತ್ತು. ಬಾಗಿಲನ್ನು ಒಂದು ಗೇಣು ತೆರೆದಿಟ್ಟು ಹೋದ ಗಂಡನಿಗೆ ಬೈಗುಳದ ಮಳೆ. "ಈಗ ಗಾಳಿ ಹೊಡೆಸ್ಕೊಂಡ್ರೆ ಮುಪ್ಪಿನಲ್ಲಿ ಅನುಭವಿಸೋಳು ಅವಳು, ನೀನಲ್ಲ" ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳುತ್ತಿದ್ದಳು. ಹೇಳಲಿ ಬಿಡಿ, ಅವಳ ಕೈಯಲ್ಲಿ ಒಬ್ಬ ಬಾಣಂತಿಯೂ ಸನ್ನಿ ಹಿಡಿದು ಹೋಗಿರಲಿಲ್ಲ. ಹೋದವಳು ಒಬ್ಬಳೇ, ಸ್ವಂತ ಮಗಳು ಸೆಲ್ವಮೇರಿ. ಅವಳು ಹೋದದ್ದು ಸನ್ನಿಯಿಂದಲ್ಲ, ಗಾಳಿಯಿಂದಲೂ ಅಲ್ಲ.

ಸೆಲ್ವಮೇರಿ ಒಬ್ಬಳೇ ಮಗಳು. ಗಂಡ ಸತ್ತ ಮೇಲೆ ಸೂಸಮ್ಮ ನಾಲ್ಕು ಮನೆಯ ಬಾಣಂತನ ಮಾಡಿ ಅವಳನ್ನು ಸಾಕಿ, ಇನ್ನಾಸಿಮುತ್ತುವಿಗೆ ಕೊಟ್ಟಿದ್ದಳು. ಇನ್ನಾಸಿಮುತ್ತು ಒಬ್ಬ ಕಂತ್ರಾಟುದಾರರ ಮನೆಯಲ್ಲಿ ಕಾರಿನ ಡ್ರೈವರು. ಮೈಸೂರಿನಲ್ಲಿ ಆಗ ಜಟಕಾಗಳ ರಾಜ್ಯ. ಕಾರು ಹೋದರೆ ಅಂಗಡಿಯವರೂ ತಕ್ಕಡಿ ಕೆಳಗಿಟ್ಟು ನೋಡುತ್ತಿದ್ದ ಕಾಲ. ಅಂಥಾದ್ದರಲ್ಲಿ ಕಾರಿನ ಡ್ರೈವರು ಅಳಿಯನಾಗುವುದೆಂದರೆ ಸಾಮಾನ್ಯವೇ? ಅವನ ಖಾಕಿ ಕೋಟಿಗೆ ಅಂಟಿಕೊಂಡಿದ್ದ ಪೆಟ್ರೋಲು ವಾಸನೆಯೂ ಸೂಸಮ್ಮನಿಗೆ ಇಷ್ಟವೇ. ಬೇಕೆಂದೇ ಬೀದಿಯ ಹೆಂಗಸರ ಎದುರು ಆ ಕೋಟು ಒಗೆದು ಹರವುತ್ತಿದ್ದಳು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಯಿತು. ಹೆಣ್ಣುಮಗು. ಮಗು ಗುಂಡಗಿತ್ತು, ತಾಯಿ ಮಾತ್ರ ಸುಣ್ಣ ಬಳಿದ ಗೋಡೆಯಂತೆ ಬಿಳುಚಿಕೊಂಡಿದ್ದಳು. ರಕ್ತ ಬಹಳ ಹೋಗಿತ್ತು. ಸೂಸಮ್ಮ ಬೆಳ್ಳುಳ್ಳಿ ಹುರಿದಳು, ಕೋಳಿ ಸಾರು ಕುಡಿಸಿದಳು, ಮೆಣಸು ಶುಂಠಿ ಅರೆದಳು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಮಗಳ ಮುಖವನ್ನು ದೀಪದ ಹತ್ತಿರ ತಿರುಗಿಸಿ ನೋಡುವಳು. "ಕೆನ್ನೆ ಕೆಂಪಾಗ್ಲಿ ಕಣವ್ವ, ಆಮೇಕೆ ನಂಗೆ ನಿದ್ದೆ" ಎನ್ನುವಳು. ಅವಳು ದೇವರಲ್ಲಿ ಕೇಳಿಕೊಂಡದ್ದೂ ಅಷ್ಟನ್ನೇ.

ಮಗು ಹುಟ್ಟಿ ವಾರ ಕಳೆಯುವುದರೊಳಗೆ ಜ್ಞಾನಸ್ನಾನ ಆಗಬೇಕು, ಅದು ಕಿರಿಸ್ತಾನರೆಲ್ಲ ಬಲ್ಲದ್ದು. ಲೂರ್ದಮ್ಮ ಎಂದು ಹೆಸರು ಗೊತ್ತುಮಾಡಿದ್ದಾಯಿತು. ಇನ್ನಾಸಿಮುತ್ತುವಿನ ಅಕ್ಕ ಸವರಿಯಮ್ಮ ಜ್ಞಾನತಾಯಿಯಾಗಿ ಮಗುವನ್ನು ಹಿಡಿಯುವುದು ಎಂದಾಯಿತು. ಹಿಂದಿನ ದಿನ ಸಂಜೆ ಮಗಳು ರಾಗ ತೆಗೆದಳು.

"ಅವ್ವ, ನಾನೂ ಬತ್ತೀನಿ."

"ಎಲ್ಲಿಗೆ?"

"ಚರ್ಚ್‌ಗೆ. ನನ್ನ ಮಗೀಗೆ ನೀರು ಹಾಕೋದ ನಾನು ನೋಡಬ್ಯಾಡ್ವ?"

"ತಲೆ ನೆಟ್ಟಗದಾ ನಿಂಗೆ? ನಲವತ್ತು ಕಳೀದೆ ಚರ್ಚಿನ ಹೊಸ್ತಿಲು ತುಳೀತೀಯಾ?"

ಇದು ಸೂಸಮ್ಮನ ಎರಡನೆಯ ಕಟ್ಟು. ಮೊದಲನೆಯದು ಗಾಳಿ, ಎರಡನೆಯದು ಹೊಸ್ತಿಲು. ಬಾಣಂತಿ ನಲವತ್ತು ದಿನ ಮನೆಯಲ್ಲಿರಬೇಕು. ಆಮೇಲೆ ಒಂದು ಬೆಳಿಗ್ಗೆ ಮೇಣದಬತ್ತಿ ಹಿಡಿದು ಚರ್ಚಿನ ಬಾಗಿಲ ಹೊರಗೆ ಮೊಣಕಾಲೂರಬೇಕು. ಪಾದ್ರಿ ಸ್ವಾಮಿಗಳು ಒಳಗಿನಿಂದ ಬಂದು, ಹೆಗಲ ಮೇಲಿನ ಪಟ್ಟಿಯ ತುದಿಯನ್ನು ಅವಳ ಕೈಗೆ ಕೊಟ್ಟು, ಒಳಗೆ ನಡೆಸಿಕೊಂಡು ಹೋಗಬೇಕು. ಸೂಸಮ್ಮನನ್ನು ಅವಳ ತಾಯಿ ಹಾಗೇ ನಿಲ್ಲಿಸಿದ್ದಳು. ಸೆಲ್ವಮೇರಿಯ ಮೇಣದಬತ್ತಿಯನ್ನೂ ಆಗಲೇ ತಂದು, ಸೀರೆಗಳ ನಡುವೆ ಟ್ರಂಕಿನಲ್ಲಿ ಇಟ್ಟಾಗಿತ್ತು.

ಪಕ್ಕದ ಮನೆಯ ಮಹದೇವಮ್ಮ ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ನಮ್ಮಲ್ಲೂ ಅಂಗೇ ಕಣವ್ವ, ಸೂತಕ ಕಳೀದೆ ಗುಡಿ ಮಕ ನೋಡಾಕಿಲ್ಲ. ನಿಮ್ಮ ದೇವ್ರು ನಮ್ಮ ದೇವ್ರು ಇದೊಂದರಲ್ಲಿ ಮಾತಾಡ್ಕೊಂಡವ್ರೆ ಬುಡು" ಎಂದು ನಕ್ಕಳು. ಸೆಲ್ವಮೇರಿ ನಗಲಿಲ್ಲ. ಗೋಡೆ ಕಡೆ ತಿರುಗಿ ಮಲಗಿ ಅತ್ತಳು. ಬಾಣಂತಿ ಅತ್ತರೆ ಕಣ್ಣು ಹೋಗುತ್ತದೆ ಎಂದು ಸೂಸಮ್ಮನ ನಂಬಿಕೆ, ಹಾಗಾಗಿ ಅವಳ ಜೀವ ವಿಲವಿಲ ಎಂದಿತು.

ಆಗ ದಾರಿ ತೋರಿಸಿದವನು ಅಳಿಯ. "ಕಾರು ತತ್ತೀನಿ ಅತ್ತೆ. ಯಜಮಾನ್ರು ಬೆಳಿಗ್ಗೆ ಹೊತ್ತಿಗೆ ತಕೊಂಡೋಗು ಅಂದವ್ರೆ. ಗಾಜಿನ ಕಿಟಕಿ ಕಾರು, ಒಂದು ಚೂರೂ ಗಾಳಿ ನುಗ್ಗಲ್ಲ. ಅವಳು ಚರ್ಚಿನ ಬಾಗಿಲ ಎದುರಿಗೆ ಕಾರೊಳಗೇ ಕೂತಿರ್ಲಿ. ನೋಡ್ದಂಗೂ ಆಯ್ತು, ಹೊಸ್ತಿಲು ತುಳೀದಂಗೂ ಆಯ್ತು."

ಎಂಥಾ ಉಪಾಯ! ಸೂಸಮ್ಮ ಹಿಗ್ಗಿಹೋದಳು. ಮಗಳ ಆಸೆ, ದೇವರ ಕಟ್ಟು, ಗಾಳಿಯ ಭಯ, ಮೂರನ್ನೂ ಒಂದೇ ಏಟಿಗೆ ತೀರಿಸಿದ ಅಳಿಯ ಅವಳ ಕಣ್ಣಿಗೆ ದಿವಾನರಿಗಿಂತ ಬುದ್ಧಿವಂತನಾಗಿ ಕಂಡ.

ಆ ಕಾರಿಗೂ ಒಂದು ಕಾಯಿಲೆ ಇತ್ತು. ಹಿಂದಿನ ವಾರ ಕಡಕೊಳದ ಹತ್ತಿರ ರಸ್ತೆ ಮಧ್ಯದ ಕಲ್ಲೊಂದು ಹೊಟ್ಟೆಗೆ ತಾಗಿ, ಇಂಜಿನ್ನಿನ ಹೊಗೆ ಹಿಂದಕ್ಕೆ ಒಯ್ಯುವ ಕೊಳವೆ ಹಿಂದಿನ ಸೀಟಿನ ಕೆಳಗೇ ಬಿರುಕು ಬಿಟ್ಟಿತ್ತು. ಇನ್ನಾಸಿಮುತ್ತು ಅದಕ್ಕೊಂದು ತಗಡು ಸುತ್ತಿ ತಂತಿ ಬಿಗಿದಿದ್ದ. ಅಂದಿನಿಂದ ಕಾರು ಗುರುಗುಟ್ಟುತ್ತಿತ್ತು. ಸದ್ದು ಹೆಚ್ಚಾಯಿತಲ್ಲ, ಯಜಮಾನರು ಏನಂದಾರೋ ಎಂಬುದಷ್ಟೇ ಅವನ ಚಿಂತೆ. ಬ್ಯಾಟರಿಯೂ ಸತ್ತಿತ್ತು. ಒಮ್ಮೆ ಇಂಜಿನ್ ಆರಿದರೆ, ಡಿಸೆಂಬರಿನ ಚಳಿಗೆ, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋಗುತ್ತಿತ್ತು.

ಬೆಳಿಗ್ಗೆ ಸೂಸಮ್ಮ ಮಗಳನ್ನು ಸಿಂಗಾರ ಮಾಡಿದ್ದಲ್ಲ, ಮೂಟೆ ಕಟ್ಟಿದಳು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೈಗೆ ಎರಡು ಕಂಬಳಿ. ಕೂದಲಿಗೆ ಸಾಂಬ್ರಾಣಿ ಹೊಗೆ ಹಾಕಿದ ಘಮ ಕಾರಿನೊಳಗೆಲ್ಲ ತುಂಬಿತು. ಅದರ ಹಿಂದೆ ಇನ್ನೊಂದು ವಾಸನೆಯೂ ಇತ್ತು, ಸುಟ್ಟ ಎಣ್ಣೆಯಂಥದ್ದು. ಸೂಸಮ್ಮನ ಮೂಗಿಗೆ ಅದು ಬಾರದೆ ಇರಲಿಲ್ಲ. ಕಾರು ಅಂದಮೇಲೆ ವಾಸನೆ ಇರುತ್ತದೆ ಎಂದುಕೊಂಡಳು. ದಿನಾ ಹೊಗೆಯಲ್ಲೇ ಬಾಣಂತಿಯರನ್ನು ಕೂರಿಸುವವಳಿಗೆ ಹೊಗೆಯ ಮೇಲೆ ಅನುಮಾನ ಹೇಗೆ ಬಂದೀತು?

ಚರ್ಚಿನ ಅಂಗಳದಲ್ಲಿ, ಬಾಗಿಲಿಗೆ ಎದುರಾಗಿ, ಮರದ ಕೆಳಗೆ ಕಾರು ನಿಂತಿತು. ಇನ್ನಾಸಿಮುತ್ತು ಸ್ಟೀರಿಂಗಿನ ಮೇಲೆ ಕೈಯಿಟ್ಟು ಒಂದು ಗಳಿಗೆ ಯೋಚಿಸಿದ.

"ಇಂಜಿನ್ ನಿಲ್ಲಿಸಿದ್ರೆ ಮತ್ತೆ ಹತ್ತಲ್ಲ ಅತ್ತೆ. ಎಲ್ಲಾರ ಎದುರಿಗೆ ಹ್ಯಾಂಡಲ್ ಹೊಡೀತಾ ನಿಲ್ಬೇಕಾಯ್ತದೆ. ಓಡ್ತಾ ಇರ್ಲಾ?"

ಸೂಸಮ್ಮ ಬಗ್ಗಿ ಕಾಲಡಿಯ ಹಲಗೆ ಮುಟ್ಟಿ ನೋಡಿದಳು. ಬೆಚ್ಚಗಿತ್ತು. "ಓಡ್ಲಿ ಬುಡಿ ಅಳಿಯಂದ್ರೇ. ಮಗಳ ಕಾಲಿಗೆ ಶಾಖ ತಗಲ್ತದೆ, ಒಳ್ಳೇದೇ ಆಯ್ತು" ಎಂದಳು.

ಈ ಮಾತನ್ನು ಆಮೇಲೆ ಅವಳು ಎಷ್ಟು ಸಲ ನೆನೆಸಿಕೊಂಡಳೋ! ಅವನು ಕೇಳಿದ್ದ. ಕೇಳಿದ್ದ ಪಾಪ. ಬೇಡ ಎಂಬ ಒಂದು ಮಾತು ಇವಳ ಬಾಯಿಂದ ಬಂದಿದ್ದರೆ ಅವನು ನಿಲ್ಲಿಸಿಬಿಡುತ್ತಿದ್ದ.

ಒಳಗೆ ಹೋದರೆ ಸ್ವಾಮಿಗಳಿಲ್ಲ. ಯಾರೋ ಸಾಯುವ ಸ್ಥಿತಿಯಲ್ಲಿದ್ದಾರೆಂದು ಕರೆ ಬಂದು ಹೋಗಿದ್ದರು, ಇನ್ನೇನು ಬರುತ್ತಾರೆ ಎಂದ ಚರ್ಚಿನ ಕೆಲಸ ನೋಡಿಕೊಳ್ಳುವ ಉಪದೇಶಿ. ಎಲ್ಲರೂ ಬಾಗಿಲಲ್ಲೇ ನಿಂತರು. ಮಗು ಸವರಿಯಮ್ಮನ ಕೈಯಲ್ಲಿ ಅಳುವುದಕ್ಕೆ ಶುರುಮಾಡಿತು. ಅಷ್ಟರಲ್ಲಿ ಕಾರಿನ ಗಾಜನ್ನು ಒಳಗಿನಿಂದ ಟಕಟಕ ಬಡಿದ ಸದ್ದು. ಸೂಸಮ್ಮ ಓಡಿಹೋಗಿ, ಬಾಗಿಲನ್ನು ಮುಖ ತೂರುವಷ್ಟೇ ತೆರೆದಳು.

"ಅವ್ವ, ತಲೆ ಸಿಡೀತಾ ಅದೆ. ಹೊಟ್ಟೆ ತೊಳಸ್ತದೆ. ವಸಿ ಗಾಜು ಇಳಿಸ್ಲಾ?"

"ಇಳಿಸ್ಬುಟ್ಟೀಯಾ, ಜೋಕೆ! ಹಸೀ ಬಾಣಂತಿ ತಲೆ ನೋಯ್ದೆ ಇನ್ನೇನಾಯ್ತದೆ? ಖಾಲಿ ಹೊಟ್ಟೇಲಿ ಬಂದಿದ್ದಕ್ಕೆ ತೊಳಸ್ತದೆ."

"ಮಗೂನಾರ ಕೊಡವ್ವ, ಹಾಲು ಕೊಟ್ಟು ಕಳಿಸ್ತೀನಿ. ಅಳ್ತಾ ಅದೆ."

ಕೊಡೋಣವೆಂದೇ ಸೂಸಮ್ಮ ತಿರುಗಿದಳು. ಸವರಿಯಮ್ಮನನ್ನು ಕೈಬೀಸಿ ಕರೆದದ್ದೂ ಆಯಿತು. ಅಷ್ಟರಲ್ಲಿ ಸ್ವಾಮಿಗಳ ಸೈಕಲ್ಲು ಗೇಟಿನೊಳಗೆ ಬಂತು. "ಬಂದ್ರು, ಬಂದ್ರು. ಆಮೇಕೆ ಕೊಡ್ತೀನಿ ಇರವ್ವ" ಎಂದು, ಬಾಗಿಲ ಸಂದಿಯಲ್ಲಿ ಗಾಳಿಯಾಡುತ್ತಿದೆಯಲ್ಲ ಎಂದು ತನ್ನ ಹೆಗಲ ಟವಲನ್ನೇ ಮಡಿಸಿ ಅಲ್ಲಿ ಇಟ್ಟು, ಬಾಗಿಲನ್ನು ಒತ್ತಿ ಹಾಕಿದಳು. ಗಾಜಿನಾಚೆ ಸೆಲ್ವಮೇರಿ ಹಣೆಯ ಮೇಲೆ ಕೈಯಿಟ್ಟುಕೊಂಡು ಅಮ್ಮನನ್ನೇ ನೋಡುತ್ತಿದ್ದಳು. ಗದರಿದ್ದಕ್ಕೆ ಮುನಿಸು ಎಂದುಕೊಂಡು ಸೂಸಮ್ಮ ಅವಳಿಗೆ ನಗುತ್ತಾ ಕೈಯಾಡಿಸಿ ಬಂದಳು.

ಜ್ಞಾನಸ್ನಾನದ ಮೊದಲ ಜಪಗಳು ಬಾಗಿಲಲ್ಲೇ ನಡೆಯುತ್ತವೆ. ಸ್ವಾಮಿಗಳು ಲತೀನು ಭಾಷೆಯಲ್ಲಿ ಹೇಳುತ್ತಿದ್ದರು, ಮಗುವಿನ ನಾಲಿಗೆಗೆ ಉಪ್ಪು ಇಟ್ಟರು. ಅದು ಮುಖ ಕಿವುಚಿದ್ದು ನೋಡಿ ಸವರಿಯಮ್ಮ ನಕ್ಕಳು. ಮಗಳಿಗೂ ಕಂಡಿತೋ ಇಲ್ಲವೋ ಎಂದು ಸೂಸಮ್ಮ ಹೊರಳಿ ನೋಡಿದಳು. ಸೆಲ್ವಮೇರಿ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದಳು. ಎಲ್ಲರೂ ಒಳಗೆ ನಡೆದಾಗ ಸೂಸಮ್ಮ ಒಂದು ಗಳಿಗೆ ಹಿಂದೆ ಉಳಿದು, ಅಂಗಳ ದಾಟಿ ಗಾಜಿಗೆ ಮುಖವಿಟ್ಟು ನೋಡಿದಳು.

ಮಗಳು ನಿದ್ದೆ ಮಾಡುತ್ತಿದ್ದಳು. ಕೆನ್ನೆ ಕೆಂಪಾಗಿತ್ತು! ಹೆರಿಗೆಯಾದ ಮೇಲೆ ಒಂದು ದಿನವೂ ಕಾಣದ ಕೆಂಪು. ತುಟಿಯೂ ಕೆಂಪು. ಸೂಸಮ್ಮನ ಎದೆ ತುಂಬಿಬಂತು. ಕೋಳಿ ಸಾರು ಮೈಗೆ ಹತ್ತಿತು, ದೇವಮಾತೆ ಕಣ್ಣು ಬಿಟ್ಟಳು, ಇನ್ನು ನನ್ನ ಮಗಳು ಉಳಿದಳು ಎಂದುಕೊಂಡಳು. ಎಬ್ಬಿಸಬೇಕೆಂದು ಎತ್ತಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಮಲಗಲಿ, ರಾತ್ರಿಯೆಲ್ಲ ಮಗು ಮಲಗಲು ಬಿಟ್ಟಿಲ್ಲ. ಸದ್ದಾಗದ ಹಾಗೆ ಹೆಜ್ಜೆಯಿಡುತ್ತಾ ಒಳಗೆ ಹೋದಳು.

ಒಳಗೆ ಮಗುವಿನ ತಲೆಗೆ ನೀರು ಬಿತ್ತು. ಲೂರ್ದಮ್ಮ ಚರ್ಚು ಹಾರಿಹೋಗುವ ಹಾಗೆ ಕಿರುಚಿದಳು.

ಹೊರಗೆ ಬಂದವರಲ್ಲಿ ಮೊದಲು ಕಾರಿನ ಬಾಗಿಲು ತೆಗೆದವನು ಇನ್ನಾಸಿಮುತ್ತು. ಒಳಗಿನಿಂದ ಬಿಸಿ, ಕಮಟು ಹೊಗೆ ಮುಖಕ್ಕೆ ಬಡಿಯಿತು. ಸೆಲ್ವಮೇರಿ ಅವನ ಕೈಮೇಲೆ ವಾಲಿದಳು. ಅವನು ಹೆಸರು ಹಿಡಿದು ಕೂಗಿದ, ಅಲ್ಲಾಡಿಸಿದ, ಕೆನ್ನೆ ತಟ್ಟಿದ. ಕಂಬಳಿ ಸಮೇತ ಹೊತ್ತು ತಂದು ಮರದ ಕೆಳಗೆ ಮಲಗಿಸಿದ. ಹೆಂಗಸರು ಓಡಿಬಂದರು. "ಮೂರ್ಛೆ ಹೋಗವ್ಳೆ, ಗಾಳಿ ತಾಕಿಸ್ಬೇಡಿ, ಮುಚ್ಚಿ ಮುಚ್ಚಿ" ಎಂದು ಯಾರೋ ಅಂದರು. ಯಾರೋ ಅಲ್ಲ, ಸೂಸಮ್ಮನೇ ಅಂದದ್ದು. ಹತ್ತಾರು ಹೆಂಗಸರು ಸೆರಗು ಬಿಚ್ಚಿ ಸುತ್ತ ಗೋಡೆಯ ಹಾಗೆ ನಿಂತರು. ಅಯ್ಯೋ, ಆ ಹುಡುಗಿಗೆ ಬೇಕಾಗಿದ್ದ ಒಂದೇ ಒಂದು ವಸ್ತುವನ್ನು ಊರಿನ ಹೆಂಗಸರೆಲ್ಲ ಸೇರಿ ಪ್ರೀತಿಯಿಂದ ತಡೆದು ನಿಂತರು.

ಪೂಜೆಗೆ ಬಂದು ಅಲ್ಲೇ ಉಳಿದಿದ್ದ ಡಾಕ್ಟರು ಸಿಲ್ವೆಸ್ಟರ್ ಆ ಗೋಡೆಯನ್ನು ಮೊಣಕೈಯಿಂದ ತಳ್ಳಿಕೊಂಡು ಒಳಗೆ ಬಂದರು. "ದೂರ ಹೋಗ್ರೀ ಎಲ್ಲಾ! ಗಾಳಿ ಬರಲಿ! ಯಾರಾದರೂ ಮೊದಲು ಆ ಇಂಜಿನ್ ನಿಲ್ಲಿಸಿ!" ಎಂದು ಗುಡುಗಿದರು. ಕಂಬಳಿ ಕಿತ್ತೆಸೆದರು, ತಲೆಬಟ್ಟೆ ಬಿಚ್ಚಿದರು, ಎದೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಬೆವರು ಹರಿಯುವ ತನಕ ಉಸಿರು ತರಿಸಲು ನೋಡಿದರು. ಸೂಸಮ್ಮ ಮಗಳ ಕಾಲು ತಿಕ್ಕುತ್ತಲೇ ಇದ್ದಳು. ಕೊನೆಗೆ ಡಾಕ್ಟರು ಮಂಡಿಯ ಮೇಲೆ ಕೈಯೂರಿ ಕೂತುಬಿಟ್ಟರು.

"ಆದ್ರೆ ಕೆನ್ನೆ ಕೆಂಪಗದಲ್ಲ ಸ್ವಾಮಿ" ಎಂದಳು ಸೂಸಮ್ಮ. "ನೋಡಿ, ಎಷ್ಟು ಕೆಂಪಗದೆ."

"ಅದೇ ಅಮ್ಮ ಮೋಸ" ಎಂದರು ಡಾಕ್ಟರು. ಸಿಟ್ಟೆಲ್ಲ ಇಳಿದುಹೋಗಿತ್ತು. "ಇಂಜಿನ್ನಿನ ಹೊಗೆಯಲ್ಲಿ ಒಂದು ವಿಷ ಇದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಸೇರಿದರೆ ಮನುಷ್ಯ ಹೀಗೆ ಕೆಂಪಾಗಿ ಕಾಣ್ತಾನೆ, ನಿದ್ದೆ ಮಾಡಿದ ಹಾಗೇ ಹೋಗಿಬಿಡ್ತಾನೆ. ನಿಂತ ಕಾರಿನಲ್ಲಿ ಇಂಜಿನ್ ಓಡಿಸ್ಕೊಂಡು ಕೂರಬಾರದು. ಮೊದಲು ತಲೆನೋವು ಬರುತ್ತೆ, ಓಕರಿಕೆ ಬರುತ್ತೆ. ಆಗಲೇ ಎತ್ತಿ ಹೊರಗೆ ಗಾಳಿಗೆ ತಂದರೆ ಬಹಳ ಮಂದಿ ಉಳೀತಾರೆ. ಈಕೆ ಏನೂ ಹೇಳಲಿಲ್ಲವೆ?"

ಇನ್ನಾಸಿಮುತ್ತು ಅತ್ತೆಯ ಮುಖ ನೋಡಿದ. ಅವನಿಗೆ ಗೊತ್ತಿರಲಿಲ್ಲ. ಸೂಸಮ್ಮ ಸುಳ್ಳು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಹೇಳಿದ್ಲು" ಎಂದಳು ಸೂಸಮ್ಮ. "ತಲೆ ಸಿಡೀತದೆ, ಗಾಜು ಇಳಿಸ್ಲಾ ಅಂದ್ಲು. ನಾನೇ ಬ್ಯಾಡ ಅಂದೆ."

ಅಳಿಯ ಅವಳನ್ನು ಬೈದಿದ್ದರೆ ಚೆನ್ನಾಗಿತ್ತು. ಅವನು ಕಾರಿನ ಕೆಳಗೆ ತೂರಿ, ತಾನೇ ಸುತ್ತಿದ್ದ ತಗಡನ್ನು ಬರಿಗೈಯಿಂದ ಕಿತ್ತು ತೆಗೆದು, ಸುಟ್ಟ ಕೈ ಹಿಡಿದುಕೊಂಡು ಮಣ್ಣಿನಲ್ಲಿ ಕೂತು ಅತ್ತ. ನಾನೇ ಕೊಂದೆ ಎಂದು ಅವನು, ಅಲ್ಲ ನಾನು ಎಂದು ಇವಳು. ಇಬ್ಬರನ್ನೂ ಸಮಾಧಾನ ಮಾಡುವವರು ಯಾರು? ಅಲ್ಲಿದ್ದವರಿಗೆಲ್ಲ ಎರಡೂ ನಿಜವೆಂದೇ ಅನ್ನಿಸಿತ್ತು. ಮಗು ಮಾತ್ರ ಹಾಲಿಗಾಗಿ ಅಳುತ್ತಿತ್ತು. ಸ್ವಾಮಿಗಳ ಸೈಕಲ್ಲು ಒಂದು ಗಳಿಗೆ ತಡವಾಗಿ ಬಂದಿದ್ದರೆ ಅದೂ ತಾಯಿಯ ಮಡಿಲಿನಲ್ಲೇ ಇರುತ್ತಿತ್ತು ಎಂಬುದು ಸೂಸಮ್ಮನಿಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ಆಮೇಲಿನ ವರ್ಷಗಳಲ್ಲಿ ಅವಳು ಯಾರ ಬಾಣಂತನಕ್ಕೂ ಹೋಗಲಿಲ್ಲ. ಲೂರ್ದಮ್ಮನನ್ನು ಬೆಳೆಸಿದಳು, ಮಳೆಯಿರಲಿ ಚಳಿಯಿರಲಿ ಮನೆಯ ಕಿಟಕಿ ಮುಚ್ಚಲಿಲ್ಲ. ಗಾಜು ಏರಿಸಿಕೊಂಡು ಇಂಜಿನ್ ಓಡಿಸುತ್ತಾ ನಿಂತ ಕಾರು ಎಲ್ಲಿ ಕಂಡರೂ ಛತ್ರಿಯ ಹಿಡಿಯಿಂದ ಗಾಜಿಗೆ ಕುಟ್ಟುವಳು. "ಆರಿಸ್ರಪ್ಪ, ಕೆಳಕ್ಕಿಳೀರಪ್ಪ! ನಿಮ್ಮಮ್ಮ ಹೆತ್ತಿಲ್ವ ನಿಮ್ಮನ್ನ?" ದೊಡ್ಡ ಮನುಷ್ಯರು ಮುಖ ಸಿಂಡರಿಸುತ್ತಿದ್ದರು. ಹುಚ್ಚು ಮುದುಕಿ ಎಂದರು. ಅಂದುಕೊಳ್ಳಲಿ, ಅವಳಿಗೇನು? ತಲೆನೋವು ಎಂದು ಮೊಮ್ಮಗಳು ಬಾಯಿ ತೆರೆದರೆ ಸಾಕು, ಕೈಯಲ್ಲಿದ್ದದ್ದು ಬಿಸಾಕಿ ಅವಳನ್ನು ಅಂಗಳಕ್ಕೆ ಎಳೆದು ತರುತ್ತಿದ್ದಳು.

ಅದೆಲ್ಲ ಆಮೇಲಿನದು. ಮಾರನೆಯ ದಿನದ್ದೊಂದು ಹೇಳದೆ ಬಿಟ್ಟರೆ ಸೂಸಮ್ಮನ ದುಃಖ ಅರ್ಧವೇ ಹೇಳಿದ ಹಾಗೆ.

ಮಾರನೆಯ ದಿನ ಸೆಲ್ವಮೇರಿಯ ಶವಪೆಟ್ಟಿಗೆಯನ್ನು ಹೊತ್ತು ಚರ್ಚಿನ ಬಾಗಿಲಿಗೆ ತಂದರು. ಸ್ವಾಮಿಗಳು ಕಪ್ಪು ಉಡುಪಿನಲ್ಲಿ ಎದುರಿಗೆ ಬಂದು ನಿಂತರು. ಹೊತ್ತವರು ಹೊಸ್ತಿಲಿಗೆ ಕಾಲೆತ್ತಿದಾಗ ಸೂಸಮ್ಮ ಅಡ್ಡ ಬಂದಳು.

"ನಿಲ್ರಪ್ಪ."

ಸೆರಗಿನಿಂದ ಕಾಗದ ಸುತ್ತಿದ ಮೇಣದಬತ್ತಿ ತೆಗೆದಳು. ಟ್ರಂಕಿನಲ್ಲಿ ಇಟ್ಟಿದ್ದು ಅದೇ. ಅದನ್ನು ಹಿಡಿದುಕೊಂಡು ಬಾಗಿಲ ಹೊರಗೆ ಮೊಣಕಾಲೂರಿದಳು.

"ಸ್ವಾಮಿ, ನನ್ನ ಮಗಳಿಗೆ ನಲವತ್ತು ತುಂಬಿಲ್ಲ. ಕಟ್ಟು ಮುರಿದು ಬಂದ್ಲು ಅಂತ ದೇವ್ರು ಅವಳ ಮೇಲೆ ಮುನೀಬಾರದು. ಅವಳ ಬದ್ಲು ನಾನು ಬತ್ತಿ ಹಿಡ್ಕೊಂಡಿವ್ನಿ. ಆ ಪಟ್ಟಿ ತುದಿ ಪೆಟ್ಟಿಗೆ ಮೇಲೆ ಇಟ್ಟು ನೀವೇ ಒಳಕ್ಕೆ ಕರ್ಕೊಂಡೋಗಿ."

ಮುದುಕ ಸ್ವಾಮಿಗಳಿಗೆ ಅವಳು ಏನು ಹೇಳುತ್ತಿದ್ದಾಳೆ ಎಂದು ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದಾಗ ಅವರ ಮುಖ ಕಳೆಗುಂದಿತು.

"ಅದಕ್ಕೇನಾ ನಿನ್ನೆ ಅವಳನ್ನ ಕಾರಿನಲ್ಲಿ ಕೂರಿಸಿದ್ದು?"

"ಹೂಂ ಸ್ವಾಮಿ. ಬಾಣಂತಿ ಒಳಕ್ಕೆ ಬರಬಾರದಲ್ಲ."

"ಹಾಗಂತ ಯಾರು ಹೇಳಿದರು ಸೂಸಮ್ಮ?"

"ನಮ್ಮವ್ವ."

ಸ್ವಾಮಿಗಳು ಬಗ್ಗಿ ಅವಳ ತೋಳು ಹಿಡಿದರು. "ಚರ್ಚು ಯಾವತ್ತೂ ಹಾಗೆ ಹೇಳಿಲ್ಲ ತಾಯಿ. ಈ ಬತ್ತಿ ಹಿಡಿದು ಬರೋದು, ಹೆತ್ತವಳು ದೇವರಿಗೆ ವಂದನೆ ಹೇಳೋದಕ್ಕೆ. ತಡೆಯೋದಕ್ಕಲ್ಲ. ನನ್ನ ಬಂದು ಒಂದು ಮಾತು ಕೇಳಬಾರದಾಗಿತ್ತೆ? ಇಷ್ಟು ವರ್ಷದಿಂದ ಇಲ್ಲಿದ್ದೀನಿ, ನಾನಾದರೂ ಹೇಳಬಾರದಾಗಿತ್ತೆ?"

ಸೂಸಮ್ಮ ಹಿಂತಿರುಗಿ ನೋಡಿದಳು. ಅಂಗಳದಾಚೆ ಆ ಮರ, ಅದರ ಕೆಳಗೆ ಕಾರಿನ ಎಣ್ಣೆ ಸೋರಿದ ಕಪ್ಪು ಕಲೆ. ಎಷ್ಟು ಹತ್ತಿರ! ಮಗುವಿನ ಅಳು ಅಲ್ಲಿಯವರೆಗೂ ಕೇಳಿಸಿತ್ತು.

"ನಿನ್ನೆ ಅವಳು ಒಳಕ್ಕೆ ಬಂದಿದ್ರೂ ಆಯ್ತಿತ್ತಾ ಸ್ವಾಮಿ?"

ಸ್ವಾಮಿಗಳಿಗೆ ಸುಳ್ಳು ಹೇಳಲಾಗಲಿಲ್ಲ. "ಆಗ್ತಿತ್ತಮ್ಮ" ಎಂದರು.

ಸೂಸಮ್ಮ ಎದ್ದಳು. ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಪೆಟ್ಟಿಗೆಯ ಮೇಲೆ ಕೈಯಿಟ್ಟು, ನಿದ್ದೆ ಮಾಡುವವಳನ್ನು ಎಬ್ಬಿಸುವ ಹಾಗೆ ಮೆಲ್ಲಗೆ ತಟ್ಟಿದಳು.

"ಬಾ ಕಣವ್ವ" ಎಂದಳು. "ಒಳಕ್ಕೆ ಬಾ."